ಮಂಚ ಮಾಡಿಸುವ ಮುನ್ನ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಮಂಚ ಎರಡು ದಾರಿಯಲ್ಲಿ ಮನೆಗೆ ಬರುತ್ತದೆ. ಒಂದು, ಬಡಗಿಗೆ ಮರ ಕೊಟ್ಟು ಮಾಡಿಸಿದ್ದು. ಇನ್ನೊಂದು, ಫರ್ನಿಚರ್ ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕಿದ್ದು. ಎರಡರಲ್ಲೂ ಕೊಳ್ಳುವವರ ಕಣ್ಣು ಮೊದಲು ಹೋಗುವುದು ತಲೆಹಲಗೆಯ ಕೆತ್ತನೆಯ ಮೇಲೆ. ಅದು ಕೊನೆಗೆ ನೋಡಬೇಕಾದದ್ದು. ಕೋಣೆಯ ಅಳತೆ, ಮಲಗುವವರ ವಯಸ್ಸು, ಊರಿನ ಹವೆ ಇವು ಗೊತ್ತಾದರೆ ಮಂಚ ಹೇಗಿರಬೇಕೆಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆಯೇ.

ಒಬ್ಬರು ಮಲಗುವ ಮಂಚದ ಅಗಲ ಸಾಮಾನ್ಯವಾಗಿ 3 ಅಡಿ. ಇಬ್ಬರಿಗೆ 4 ಅಡಿಯದು ಇಕ್ಕಟ್ಟು, 5 ಅಡಿಯ ಕ್ವೀನ್ ಸೈಜ್ ಸಾಕು, 6 ಅಡಿಯ ಕಿಂಗ್ ಸೈಜ್ ಮಗುವನ್ನೂ ಜೊತೆಗೆ ಮಲಗಿಸಿಕೊಳ್ಳುವವರಿಗೆ ಅನುಕೂಲ. ಉದ್ದ 6, ಆರೂಕಾಲು ಅಥವಾ ಆರೂವರೆ ಅಡಿ. 10 ಅಡಿ ಚೌಕದ ಕೋಣೆಗೆ 6 ಅಡಿ ಅಗಲದ ಮಂಚ ಹಾಕಿದರೆ ಪಕ್ಕಗಳಲ್ಲಿ ಉಳಿಯುವುದು ಒಟ್ಟು 4 ಅಡಿ. ಅಲ್ಲೊಂದು 2 ಅಡಿ ಆಳದ ಬೀರು ಬಂದರೆ ಮಿಕ್ಕಿದ್ದು 2 ಅಡಿ. ಮಂಚವನ್ನು ಗೋಡೆಗೆ ಒತ್ತಿ ಇಡದೆ ಗತಿಯಿಲ್ಲ, ಬೀರುವಿನ ಬಾಗಿಲು ಪೂರ್ತಿ ತೆರೆಯುವುದೂ ಕಷ್ಟ. ಅದೇ ಕೋಣೆಗೆ 5 ಅಡಿಯ ಮಂಚವಾದರೆ ಓಡಾಡಲು ದಾರಿ ಸಿಗುತ್ತದೆ. ಮದುವೆಗೆಂದು ಮಂಚ, ಬೀರು, ಹಾಸಿಗೆ ಕೊಡುವ ರೂಢಿಯಲ್ಲಿ ಆಗುವ ಎಡವಟ್ಟು ಇದೇ: ಮಂಚ ಹೋಗಿ ಸೇರುವ ಕೋಣೆಯನ್ನು ಯಾರೂ ಅಳೆದಿರುವುದಿಲ್ಲ. ಹಳೆಯ ಹೆಂಚಿನ ಮನೆಗಳ ಬಾಗಿಲು ಗಿಡ್ಡ, ಕಿರಿದು. ಅಂಥ ಮನೆಗೆ ಬೋಲ್ಟ್ ಬಿಚ್ಚಿ, ಕಾಲು, ಪಟ್ಟಿ, ಹಲಗೆ ಬೇರೆ ಮಾಡಿ ಒಳಗೊಯ್ಯುವಂಥ ಮಂಚವೇ ಆಗಬೇಕು.

ಅಗಲದಷ್ಟು ಗಮನ ಎತ್ತರಕ್ಕೆ ಸಿಗುವುದಿಲ್ಲ. ಮಂಚದ ಅಂಚಿನಲ್ಲಿ ಕುಳಿತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು. ಹೆಚ್ಚಿನವರಿಗೆ ಇದು ಹಾಸಿಗೆಯೂ ಸೇರಿ 18ರಿಂದ 20 ಅಂಗುಲ. ಬಡಗಿ ಮರದ ಮಂಚವನ್ನೇ 18 ಅಂಗುಲ ಎತ್ತರಕ್ಕೆ ಮಾಡಿ ಕೊಟ್ಟು, ಮನೆಯವರು ಅದರ ಮೇಲೆ 6 ಅಂಗುಲದ ಹಾಸಿಗೆ ಹಾಕಿದರೆ 24 ಅಂಗುಲವಾಯಿತು. ಮಂಡಿನೋವಿನ ಅಜ್ಜಿ ನಡುರಾತ್ರಿ ಎದ್ದು ಕೂತಾಗ ಕಾಲು ಜೋತಾಡುತ್ತದೆ, ನೆಲ ಸಿಗುವುದಿಲ್ಲ. ವಯಸ್ಸಾದವರು ಬೀಳಲು ಇಷ್ಟು ಸಾಕು. ತೀರಾ ತಗ್ಗಿನ ಮಂಚವೂ ಅವರಿಗೆ ಹೊಂದುವುದಿಲ್ಲ. ಏಳುವಾಗ ಮಂಡಿಯ ಮೇಲೆ ಭಾರ ಬೀಳುತ್ತದೆ. ಆದ್ದರಿಂದ ಹಾಸಿಗೆಯ ದಪ್ಪವನ್ನು ಮೊದಲೇ ಗೊತ್ತುಮಾಡಿ ಬಡಗಿಗೆ ಹೇಳಬೇಕು. ಉದ್ದದ ಮಾತೂ ಹಾಗೆಯೇ. ಸಿದ್ಧ ಹಾಸಿಗೆಗಳು 72, 75, 78 ಅಂಗುಲದಲ್ಲಿ ಸಿಗುತ್ತವೆ. ಮಂಚದ ಒಳ ಅಳತೆ ಇವುಗಳಲ್ಲೊಂದಕ್ಕೆ ಹೊಂದದಿದ್ದರೆ ಹಾಸಿಗೆಯನ್ನೂ ಹೇಳಿ ಮಾಡಿಸಬೇಕಾಗುತ್ತದೆ.

ಇನ್ನು ಮರ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಕಡೆ ಅರೆಮಲೆನಾಡಿನ ಹವೆ. ಅಡಿಕೆ ತೋಟ, ಗದ್ದೆ, ಮಳೆಗಾಲದ ತೇವ. ಜಗಳೂರು ಅಪ್ಪಟ ಬಯಲುಸೀಮೆ, ಒಣ ಹವೆ. ಮರ ತೇವದಲ್ಲಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಸರಿಯಾಗಿ ಆರದ ಹಸಿ ಮರದ ಮಂಚ ಜಗಳೂರಿನ ಬೇಸಿಗೆಗೆ ಸಿಕ್ಕರೆ ಹಲಗೆ ಬಿರುಕು ಬಿಡುತ್ತದೆ, ಕೀಲು ಸಡಿಲಾಗಿ ಮಗ್ಗುಲಾದಾಗಲೆಲ್ಲ ಕಿರುಗುಟ್ಟುತ್ತದೆ. ತೇಗಕ್ಕೆ ಬೆಲೆ ಬಂದಿರುವುದು ಸುಮ್ಮನೆ ಅಲ್ಲ: ಅದರಲ್ಲಿರುವ ಎಣ್ಣೆಯ ಅಂಶ ಗೆದ್ದಲನ್ನು ದೂರವಿಡುತ್ತದೆ, ಹಿಗ್ಗು ಕುಗ್ಗೂ ಕಡಿಮೆ. ಈ ಗುಣ ಇರುವುದು ಚೇಗಿನಲ್ಲಿ ಮಾತ್ರ. ಹೊರಮೈಯ ಬಿಳಿ ಭಾಗಕ್ಕೆ ತೇಗದಲ್ಲೂ ಕುಟ್ಟೆ ಹುಳು ಹಿಡಿಯುತ್ತದೆ. ಪಾಲಿಶ್ ಹೊಡೆದ ಮೇಲೆ ಎರಡರ ವ್ಯತ್ಯಾಸ ಕಾಣುವುದಿಲ್ಲವಾದ್ದರಿಂದ ಬಣ್ಣ ಬಳಿಯುವ ಮೊದಲೇ ಹೋಗಿ ನೋಡಬೇಕು. ಹೊನ್ನೆ ಗಟ್ಟಿಮರ, ಬಾಳಿಕೆಯೂ ಚೆನ್ನ. ನೀರು ತಗುಲಿದರೆ ಹಳದಿ ಕಲೆ ಬಿಡುತ್ತದೆ. ಹಲಸು ಒಳ್ಳೆಯ ಮರ. ಬಯಲುಸೀಮೆಯ ಬೇವು ಅಗ್ಗ, ಹುಳು ಅಷ್ಟಾಗಿ ಮುಟ್ಟುವುದಿಲ್ಲ. ಮನೆ ಬಳಕೆಯ ಮಂಚಕ್ಕೆ ಅದನ್ನು ಕೀಳೆಂದು ತಳ್ಳಬೇಕಾಗಿಲ್ಲ.

ಹಣ ಎಲ್ಲಿ ಹಾಕಬೇಕೆಂಬುದಕ್ಕೆ ಒಂದು ಲೆಕ್ಕ. 6 ಅಡಿ ಅಗಲ, ಆರೂವರೆ ಅಡಿ ಉದ್ದದ ಮಂಚಕ್ಕೆ ಮುಕ್ಕಾಲು ಅಂಗುಲ ದಪ್ಪದ ಹಾಸುಹಲಗೆಗಷ್ಟೇ ಸುಮಾರು ಎರಡೂವರೆ ಘನ ಅಡಿ ಮರ ಬೇಕು. ಹಾಸಿಗೆಯಡಿ ಮುಚ್ಚಿಹೋಗುವ ಈ ಭಾಗಕ್ಕೆ ತೇಗ ಸುರಿಯುವುದು ದುಂದು. ಭಾರ ಹೊರುವುದು ಕಾಲು, ಪಕ್ಕದ ಪಟ್ಟಿ ಮತ್ತು ನಡುವಿನ ಅಡ್ಡಪಟ್ಟಿಗಳು. ಒಳ್ಳೆಯ ಮರ ಅಲ್ಲಿರಲಿ. 5 ಅಡಿಗಿಂತ ಅಗಲವಾದ ಮಂಚಕ್ಕೆ ನಡುವೆ ಒಂದು ಕಾಲು ಇದ್ದರೆ ವರ್ಷ ಕಳೆದರೂ ಹಲಗೆ ಬಾಗುವುದಿಲ್ಲ. ಕಾಲಿಗೆ ತೂತು ಕೊರೆದು, ಪಟ್ಟಿಯ ತುದಿಯನ್ನು ಬಿಗಿಯಾಗಿ ಕೂರಿಸಿ ಬೋಲ್ಟ್ ಹಾಕಿದ ಕೀಲಿನ ಮುಂದೆ ಬರೀ ಮೊಳೆ ಹೊಡೆದದ್ದು ನಿಲ್ಲುವುದಿಲ್ಲ. ಒಂದು ಮೂಲೆಯನ್ನು ಹಿಡಿದು ಎತ್ತಿ ನೋಡಿದರೆ ಕೀಲಿನ ಗಟ್ಟಿತನ ತಿಳಿಯುತ್ತದೆ: ಚೌಕಟ್ಟು ತಿರುಚದೆ ಒಟ್ಟಿಗೆ ಏಳಬೇಕು.

ಕೆಳಗೆ ಪೆಟ್ಟಿಗೆಯಿರುವ ಮಂಚ ಸಣ್ಣ ಮನೆಗೆ ವರದಾನ. ಹೊದಿಕೆ, ಹಳೆಯ ಪಾತ್ರೆ ಎಲ್ಲ ಅದರಲ್ಲಿ ಅಡಗುತ್ತವೆ. ಆದರೆ ಅದು ನೆಲಕ್ಕೆ ಅಂಟಿ ಕೂರುತ್ತದೆ, ಅಡಿಯಲ್ಲಿ ಗಾಳಿಯಾಡುವುದಿಲ್ಲ, ಕಸ ಗುಡಿಸಲಾಗುವುದಿಲ್ಲ, ಗೆದ್ದಲು ಬಂದರೂ ತಿಳಿಯುವುದಿಲ್ಲ. ತುಂಗಭದ್ರೆ ಉಕ್ಕಿದಾಗ ಹೊನ್ನಾಳಿಯ ಬಾಲರಾಜ ಘಾಟ್‌ನ ಮನೆಗಳಿಗೆ ನೀರು ನುಗ್ಗುತ್ತದೆ. ಅಂಥ ಕಡೆ ಪ್ಲೈವುಡ್, ಪಾರ್ಟಿಕಲ್ ಬೋರ್ಡ್‌ನ ಪೆಟ್ಟಿಗೆ ಮಂಚ ಒಮ್ಮೆ ನೆನೆದು ಉಬ್ಬಿದರೆ ಮತ್ತೆ ಕೂಡುವುದಿಲ್ಲ. ನದಿಯ ಮಗ್ಗುಲಿನವರಿಗೆ ಕಾಲಿನ ಮೇಲೆ ನಿಂತ, ಬಿಚ್ಚಿ ಸಾಗಿಸಬಲ್ಲ ಗಟ್ಟಿಮರದ ಮಂಚವೇ ಸರಿ. ಕಬ್ಬಿಣದ ಮಂಚ ಬಾಡಿಗೆ ಮನೆಯವರಿಗೆ ಹಗುರ, ಅಗ್ಗ. ಬೆಸುಗೆಯ ಜಾಗದಲ್ಲಿ ತುಕ್ಕು ಹಿಡಿಯದಂತೆ ಆಗಾಗ ಬಣ್ಣ ಬೇಕು.

ಹಗ್ಗದ ಮಂಚವನ್ನೂ ನವಾರಿನ ಮಂಚವನ್ನೂ ಬಡವರ ಮಂಚವೆಂದು ಕಡೆಗಣಿಸುವುದು ಸಲ್ಲ. ಸೆಕೆಯಲ್ಲಿ ಅಂಗಳಕ್ಕೆ ತಂದು ಹಾಕಿಕೊಳ್ಳಲು, ಕಣ ಕಾಯಲು ಅದರಷ್ಟು ಹಿತವಾದದ್ದು ಬೇರೆ ಇಲ್ಲ. ಬೆನ್ನಿನಡಿ ಗಾಳಿಯಾಡುತ್ತದೆ, ಒಬ್ಬರೇ ಎತ್ತಿಕೊಂಡು ಹೋಗಬಹುದು. ನೇಯ್ಗೆಯನ್ನು ಕಾಲು ಚಾಚುವ ಕಡೆ ಒಂದಷ್ಟು ಜಾಗ ಬಿಟ್ಟು ನಿಲ್ಲಿಸಿ, ಉಳಿದ ಜಾಗಕ್ಕೆ ಉದ್ದುದ್ದ ಹಗ್ಗ ಹಾಕಿರುತ್ತಾರೆ. ಮಂಚ ಜೋಲು ಬಿದ್ದಾಗ ಈ ಹಗ್ಗವನ್ನು ಎಳೆದು ಕಟ್ಟಿದರೆ ಮತ್ತೆ ಬಿಗಿಯಾಗುತ್ತದೆ. ಬೆನ್ನುನೋವಿದ್ದವರಿಗೆ ಮಾತ್ರ ಇದು ನಿತ್ಯದ ಮಲಗುವಿಕೆಗೆ ಬೇಡ.

ಮರದ ಮಂಚಕ್ಕೂ ಗಾಳಿ ಬೇಕು: ಹಾಸುಹಲಗೆಗಳ ನಡುವೆ ಬೆರಳಗಲ ಸಂದು ಬಿಡಿಸುವುದು ಒಳ್ಳೆಯದು. ಹತ್ತಿ ಹಾಸಿಗೆಯಾಗಲಿ ಫೋಮ್ ಆಗಲಿ ಬೆವರಿನ ತೇವ ಆರಲು ಕೆಳಗಿನಿಂದ ಗಾಳಿ ಬೇಕು.

ಬಡಗಿಗೆ ಮುಂಗಡ ಕೊಡುವ ಮುನ್ನ ಕೋಣೆಯ ಮತ್ತು ಬಾಗಿಲಿನ ಅಳತೆ, ಹಾಸಿಗೆಯ ದಪ್ಪ, ಹಾಸಿಗೆಯೂ ಸೇರಿದ ಎತ್ತರ, ಯಾವ ಭಾಗಕ್ಕೆ ಯಾವ ಮರ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಬೇಕು. ಕೆತ್ತನೆಯ ಮಾತು ಆಮೇಲೆ ಆಡಿದರಾಯಿತು.