ಮಂದಗತಿಯ ಗಣಕಯಂತ್ರ: ಬಿಸುಡುವ ಮುನ್ನ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ತೋಟದ ಮನೆಗಳಲ್ಲಿ ಬಟ್ಟೆಯ ಹೊದಿಕೆ ಹೊದ್ದು ಪಡಸಾಲೆಯ ಮೂಲೆಯಲ್ಲಿ ಕುಳಿತ ಹಳೆಯ ಗಣಕಯಂತ್ರವನ್ನು ಈಗಲೂ ಕಾಣಬಹುದು. ಮಕ್ಕಳ ಓದಿಗೆಂದು ತಂದದ್ದು. ಮಕ್ಕಳು ಉದ್ಯೋಗ ಹಿಡಿದು ಬೆಂಗಳೂರು ಸೇರಿದ ಮೇಲೆ ಮನೆಯ ಹಿರಿಯರ ಪಾಲಿಗೆ ಉಳಿದದ್ದು. ಆಳುಗಳ ಬಟವಾಡೆಯ ಲೆಕ್ಕ, ಕಾಫಿ ಮಾರಿದ ವಿವರ, ಲಗ್ನಪತ್ರಿಕೆಯ ಒಕ್ಕಣೆ, ಮನೆತನದ ವಂಶಾವಳಿ ಎಲ್ಲವೂ ಅದರ ಹೊಟ್ಟೆಯಲ್ಲಿಯೇ ಇವೆ. ಆದರೆ ಗುಂಡಿಯನ್ನೊತ್ತಿ, ಬಚ್ಚಲ ಹಂಡೆಗೆ ಉರಿ ಹಾಕಿ ಬಂದರೂ ಪರದೆಯಿನ್ನೂ ಸಿದ್ಧವಾಗಿರುವುದಿಲ್ಲ. ವಯಸ್ಸಾಯಿತು, ಇದನ್ನು ಗುಜರಿಗೆ ಹಾಕೋಣ ಎಂಬ ಮಾತು ಆಗ ಹುಟ್ಟುತ್ತದೆ.

ಈ ನಿರ್ಣಯ ಬಹುಮಟ್ಟಿಗೆ ಅವಸರದ್ದು. ಲೆಕ್ಕ ಮಾಡುವ ಚಿಪ್ಪು ಮನುಷ್ಯನ ಮೊಣಕಾಲಿನಂತೆ ಸವೆಯತಕ್ಕದ್ದಲ್ಲ. ತಂಪಾಗಿರಿಸಿದರೆ ಕೊಂಡ ದಿನದ ವೇಗದಲ್ಲಿಯೇ ಇಂದಿಗೂ ಎಣಿಸಬಲ್ಲದು. ನಿಜವಾಗಿ ಸವೆಯುವುದು ತಿರುಗುವ ಹಾರ್ಡ್ ಡಿಸ್ಕು. ಉಳಿದ ನಿಧಾನವೆಲ್ಲ ವರ್ಷಗಳುದ್ದಕ್ಕೂ ಹೇರಿಕೊಂಡ ಹೊರೆಯಿಂದ ಮತ್ತು ಕೆಟ್ಟುಹೋದ ಒಳಗಿನ ಏರ್ಪಾಡಿನಿಂದ ಬಂದದ್ದು. ಏರ್ಪಾಡನ್ನು ಮನೆಯಲ್ಲಿಯೇ ಸರಿಪಡಿಸಲು ಸಾಧ್ಯವಿದೆ.

ಆದರೆ ಕೈಹಚ್ಚುವ ಮೊದಲು ನಕಲು ತೆಗೆಯಬೇಕು. ತಾಳೆಗರಿಯ ಕಟ್ಟು ಬಿಚ್ಚುವ ಮುನ್ನ ಗರಿಗಳನ್ನು ಎಣಿಸಿ ಗುರುತು ಹಾಕಿಕೊಳ್ಳುವುದು ಮಠದ ಗ್ರಂಥಭಂಡಾರದಲ್ಲಿ ನಮಗೆ ಕಲಿಸಿದ ಮೊದಲ ಪಾಠವಾಗಿತ್ತು. ಪೇಟೆಯ ದುರಸ್ತಿಗಾರರನೇಕರು ಯಂತ್ರ ನಿಧಾನವೆಂದ ಕೂಡಲೇ 'ಫಾರ್ಮ್ಯಾಟ್ ಮಾಡಿಬಿಡೋಣ ಸ್ವಾಮಿ' ಎನ್ನುತ್ತಾರೆ. ಅವರಿಗೆ ಅದು ಸುಲಭದ ದಾರಿ. ಮನೆಯವರಿಗೆ ಇಪ್ಪತ್ತು ವರ್ಷದ ಲೆಕ್ಕಪತ್ರ ಅಳಿದುಹೋಗುವ ದಾರಿ.

ಇಲ್ಲಿ ಕನ್ನಡಿಗರಿಗೇ ವಿಶಿಷ್ಟವಾದ ಇನ್ನೊಂದು ತೊಡಕುಂಟು. ೧೯೯೮ರಲ್ಲಿ ಬಂದ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ಇವುಗಳಲ್ಲಿ ಆ ದಿನಗಳಂದು ಬರೆದ ಕಡತಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದಂಥವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅಜ್ಜನ ಹೆಸರು ಇರಬೇಕಾದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ ಕಾಣುತ್ತದೆ. ಆದಕಾರಣ ಕಡತಗಳೊಡನೆ ವಿಂಡೋಸ್ ಫೋಲ್ಡರಿನೊಳಗಣ ಫಾಂಟುಗಳನ್ನೂ ಪೆನ್‌ಡ್ರೈವಿಗೆ ಇಳಿಸಿಕೊಳ್ಳಬೇಕು. ನುಡಿ, ಬರಹ ಎರಡರಲ್ಲಿಯೂ ಹಳೆಯ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನವಿದೆ; ಅದನ್ನು ಬಳಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದುವುದು ಅವಶ್ಯ. ಗಣಕಯಂತ್ರದಲ್ಲಿ ಕನ್ನಡಕ್ಕೆ ಭದ್ರವಾದ ನೆಲೆ ಬೇಕೆಂದು ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಒತ್ತಾಯಿಸುತ್ತ ಬಂದ ಪೂರ್ಣಚಂದ್ರ ತೇಜಸ್ವಿಯವರು ೨೦೦೭ರಲ್ಲಿ ತೀರಿಕೊಂಡರು. ಅವರದೇ ಊರಿನ ಸುತ್ತಲಿನ ಮನೆಗಳಲ್ಲಿ ಕನ್ನಡದ ಕಡತಗಳು ಓದಲಾಗದೆ ಉಳಿಯುವುದು ಖೇದಕರ.

ನಕಲಾದ ಮೇಲೆ ಏರ್ಪಾಡಿನ ಕಡೆ ತಿರುಗೋಣ. ಮೊದಲು 'ಸಿಸ್ಟಮ್ ರಿಸ್ಟೋರ್' ಎಂಬಲ್ಲಿ ಇಂದಿನ ಸ್ಥಿತಿಯ ಗುರುತೊಂದನ್ನು ಇರಿಸಿಕೊಳ್ಳಿರಿ. ಎಡವಟ್ಟಾದರೆ ಅಲ್ಲಿಗೆ ಹಿಂದಿರುಗಬಹುದು. ಬಳಿಕ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ 'ಟಾಸ್ಕ್ ಮ್ಯಾನೇಜರ್' ತೆರೆದುಕೊಳ್ಳುತ್ತದೆ. ವಿಂಡೋಸ್ ೮ ಮತ್ತು ೧೦ರಲ್ಲಿ ಅದರ 'ಸ್ಟಾರ್ಟ್‌ಅಪ್' ವಿಭಾಗದಲ್ಲಿ, ವಿಂಡೋಸ್ ೭ರಲ್ಲಿಯಾದರೆ ಎಂ.ಎಸ್. ಕಾನ್ಫಿಗ್ ಎಂಬಲ್ಲಿ, ಯಂತ್ರ ಏಳುವಾಗಲೇ ತಾವೂ ಎದ್ದು ನಿಲ್ಲುವ ತಂತ್ರಾಂಶಗಳ ಪಟ್ಟಿ ಸಿಗುತ್ತದೆ. ಮನೆಯಲ್ಲಿ ಈಗ ಇಲ್ಲವೇ ಇಲ್ಲದ ಪ್ರಿಂಟರಿನ ಸಹಾಯಕ, ಯಾರೂ ಕೇಳದ ಸಂಗೀತದ ತಂತ್ರಾಂಶ ಮುಂತಾದವು ಅಲ್ಲಿರುತ್ತವೆ. ಅವುಗಳನ್ನು ತಡೆಹಿಡಿಯಿರಿ. ವೈರಸ್ ತಡೆಯುವ ತಂತ್ರಾಂಶವನ್ನೂ ಹೆಸರು ತಿಳಿಯದವುಗಳನ್ನೂ ಮುಟ್ಟುವುದು ಬೇಡ. ಸಿ ಡ್ರೈವ್ ತುಂಬಿ ತುಳುಕುತ್ತಿದ್ದರೆ ಮದುವೆಯ ವಿಡಿಯೋಗಳನ್ನು ಬೇರೆಡೆಗೆ ಸಾಗಿಸಿರಿ. ಪವರ್ ಆಪ್ಷನ್ಸ್‌ನಲ್ಲಿ 'ಪವರ್ ಸೇವರ್' ಆಯ್ಕೆಯಾಗಿದ್ದರೆ 'ಬ್ಯಾಲೆನ್ಸ್ಡ್'ಗೆ ಬದಲಿಸಿರಿ.

ಮಲೆನಾಡಿನಲ್ಲಿ ಮಳೆಗಾಲದ ಪಾತ್ರವನ್ನು ಮರೆಯುವಂತಿಲ್ಲ. ತಂತಿಯ ಮೇಲೆ ಕೊಂಬೆ ಬಿದ್ದು ವಿದ್ಯುತ್ತು ಥಟ್ಟನೆ ಹೋದಾಗ, ಬರೆಯುತ್ತಿದ್ದ ಹಾರ್ಡ್ ಡಿಸ್ಕು ನಡುವೆಯೇ ನಿಂತು ವ್ಯವಸ್ಥೆಯ ಕಡತಗಳು ಕೆಡುವುದುಂಟು. ಅದಕ್ಕೆ ಪರಿಹಾರ ವಿಂಡೋಸಿನಲ್ಲಿಯೇ ಇದೆ. 'ಕಮಾಂಡ್ ಪ್ರಾಂಪ್ಟ್' ಅನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದೊಡನೆ ತೆರೆದು, ಎಸ್, ಎಫ್, ಸಿ ಎಂಬ ಮೂರಕ್ಷರ, ಒಂದು ತೆರಪು, ಓರೆಗೆರೆ, ಅದಕ್ಕೆ ಅಂಟಿದಂತೆ 'ಸ್ಕ್ಯಾನ್‌ನೌ' ಎಂದು ರೋಮನ್ ಲಿಪಿಯಲ್ಲಿ ಬರೆದರೆ ಕೆಟ್ಟ ಕಡತಗಳನ್ನು ಹುಡುಕಿ ಬದಲಿಸಲು ಯತ್ನಿಸುತ್ತದೆ. ಹಳೆಯ ಯಂತ್ರದಲ್ಲಿ ಇದು ತಡವಾಗುತ್ತದೆ. ನಡುವೆ ನಿಲ್ಲಿಸಬಾರದು, ಕರೆಂಟು ಸ್ಥಿರವಾಗಿರುವ ಹೊತ್ತನ್ನು ನೋಡಿಯೇ ಆರಂಭಿಸಬೇಕು.

ವಿಂಡೋಸ್ ಎಕ್ಸ್‌ಪಿ ಇರುವ ಮನೆಗಳಿಗೆ ಒಂದು ವಿಶೇಷ ಸಂಗತಿ ಹೇಳಬೇಕು. ಹಾರ್ಡ್ ಡಿಸ್ಕಿನಿಂದ ಓದುವಾಗ ಆರು ಬಾರಿ ದೋಷ ಕಂಡರೆ ಆ ವ್ಯವಸ್ಥೆ ತಾನೇ 'ಡಿ.ಎಂ.ಎ.' ಎಂಬ ವೇಗದ ಕ್ರಮವನ್ನು ಬಿಟ್ಟು 'ಪಿ.ಐ.ಒ.' ಎಂಬ ಮಂದ ಕ್ರಮಕ್ಕೆ ಇಳಿದುಬಿಡುತ್ತದೆ. ದೋಷ ನಿಂತ ಮೇಲೂ ಮೇಲೇಳುವುದಿಲ್ಲ. ಸಡಿಲವಾದ ಕೇಬಲ್ಲೇ ಇದಕ್ಕೆ ಸಾಕು. ಕೇಬಲನ್ನು ಭದ್ರಪಡಿಸಿ, 'ಡಿವೈಸ್ ಮ್ಯಾನೇಜರ್'ನಲ್ಲಿ 'ಪ್ರೈಮರಿ ಐ.ಡಿ.ಇ. ಚಾನೆಲ್' ಎಂಬುದನ್ನು ತೆಗೆದುಹಾಕಿ ಯಂತ್ರವನ್ನು ಮತ್ತೆ ಆರಂಭಿಸಿದರೆ ವಿಂಡೋಸ್ ಅದನ್ನು ಹೊಸದಾಗಿ ಗುರುತಿಸಿ ಹಳೆಯ ವೇಗಕ್ಕೆ ಮರಳುತ್ತದೆ. ಒಂದು ಏರ್ಪಾಡು ತಪ್ಪಿದರೆ ಗಟ್ಟಿಮುಟ್ಟಾದ ಯಂತ್ರವೂ ಮುದುಕನಂತೆ ವರ್ತಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಂಡಿಲ್ಲ.

ಪ್ರತಿಸಲ ಹೊತ್ತಿಸಿದಾಗಲೂ ದಿನಾಂಕ ಹಿಂದಕ್ಕೆ ಹೋಗಿದ್ದರೆ ಒಳಗಿನ ನಾಣ್ಯದಾಕಾರದ ೩ ವೋಲ್ಟ್ ಬ್ಯಾಟರಿ ತೀರಿದೆಯೆಂದು ಅರ್ಥ. ದಿನಾಂಕ ತಪ್ಪಿದ ಯಂತ್ರದಲ್ಲಿ ಅಂತರಜಾಲದ ಪುಟಗಳು ಎಚ್ಚರಿಕೆ ತೋರಿಸಿ ತೆರೆಯಲೊಲ್ಲವು. ಸಿ.ಆರ್. ೨೦೩೨ ಎಂದು ಕೇಳಿದರೆ ಅಂಗಡಿಯಲ್ಲಿ ಅಲ್ಪ ಬೆಲೆಗೆ ದೊರಕುತ್ತದೆ. ಪೆಟ್ಟಿಗೆ ಬಿಚ್ಚಿದಾಗಲೇ ಪಂಖದ ಧೂಳನ್ನೂ ಮೆತ್ತನೆಯ ಕುಂಚದಿಂದ ತೆಗೆಯಿರಿ. ಬಿಸಿಯೇರಿದ ಚಿಪ್ಪು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ.

ಇನ್ನು 'ರಿಜಿಸ್ಟ್ರಿ'. ವ್ಯವಸ್ಥೆಯ ಸಕಲ ಏರ್ಪಾಡುಗಳನ್ನೂ ನಮೂದಿಸಿಟ್ಟ ಕಿರ್ದಿ ಪುಸ್ತಕವಿದು. ಇದನ್ನು 'ಶುಚಿಗೊಳಿಸಿ' ಯಂತ್ರದ ವೇಗ ಹೆಚ್ಚಿಸುತ್ತೇವೆಂದು ಸಾರುವ ತಂತ್ರಾಂಶಗಳು ಹೇರಳವಾಗಿವೆ. ಇಂಥವನ್ನು ಬಳಸುವುದನ್ನು ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟೇ ಬೆಂಬಲಿಸುವುದಿಲ್ಲ. ಅನಾವಶ್ಯಕವಾದ ನಾಲ್ಕು ಸಾಲು ಅಳಿಸಿದರೆ ವೇಗ ಹೆಚ್ಚುವುದು ಅಷ್ಟರಲ್ಲಿಯೇ ಇದೆ. ಅವಶ್ಯಕವಾದ ಒಂದು ಸಾಲು ಅಳಿದರೆ ಯಂತ್ರವೇ ಏಳದು.

ಇಷ್ಟಾದ ಮೇಲೂ ಮಂದವಾಗಿದ್ದು, ಹಾರ್ಡ್ ಡಿಸ್ಕಿನಿಂದ ಟಕಟಕ ಸದ್ದು ಬರುತ್ತಿದ್ದರೆ ಅದರ ಆಯುಷ್ಯ ಮುಗಿದಂತೆ. ಅದರ ಬದಲಿಗೆ ತಿರುಗುವ ಭಾಗವಿಲ್ಲದ 'ಎಸ್.ಎಸ್.ಡಿ.' ಹಾಕಿಸಿದರೆ ವ್ಯತ್ಯಾಸ ಮೊದಲ ದಿನವೇ ತಿಳಿಯುತ್ತದೆ. ಹಣ ವ್ಯಯಿಸುವುದಾದರೆ ಅದಕ್ಕೆ ವ್ಯಯಿಸಿರಿ.

ಬ್ಯಾಂಕಿನ ವ್ಯವಹಾರದ ಬಗೆಗೊಂದು ಮಾತು. ಎಕ್ಸ್‌ಪಿಗೆ ೨೦೧೪ರ ಏಪ್ರಿಲ್‌ನಲ್ಲಿ, ವಿಂಡೋಸ್ ೭ಕ್ಕೆ ೨೦೨೦ರ ಜನವರಿಯಲ್ಲಿ, ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ರಂದು ಸಾಮಾನ್ಯ ಬೆಂಬಲ ಕೊನೆಗೊಂಡಿದೆ. ಇಂಥ ಯಂತ್ರ ಎಷ್ಟೇ ಚುರುಕಾದರೂ ಅದರಲ್ಲಿ ಹಣದ ವಹಿವಾಟು ಬೇಡ. ಎಕ್ಸ್‌ಪಿ ಇದ್ದರೆ ಅಂತರಜಾಲದ ತಂತಿಯನ್ನೇ ಕಳಚಿಡಿ. ಬಟವಾಡೆಯ ಲೆಕ್ಕಕ್ಕೂ ವಂಶಾವಳಿಗೂ ಆ ತಂತಿ ಬೇಕಿಲ್ಲ. ಗುಡುಗು ಸಿಡಿಲಿನ ಸಂಜೆ ಅದು ಗೋಡೆಯಿಂದ ಕಳಚಿರುವುದೇ ಲೇಸು.