ನೋವು ನಿಂತ ಮೇಲೂ ಊರುಗೋಲು

ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಮೂರು ವಾರಗಳು ಕಳೆದಿವೆ. ಬಾವು ಇಳಿದಿದೆ; ಹೊಲಿಗೆ ಬಿಚ್ಚಿದ್ದಾಗಿದೆ; ನೋವು ಹೆಸರಿಗೆ ಮಾತ್ರ ಉಳಿದಿದೆ. ಆದರೂ ವೈದ್ಯರು ಊರುಗೋಲನ್ನು ಬಿಡಗೊಡುವುದಿಲ್ಲ. ನೋವೇ ಇಲ್ಲದ ಮೇಲೆ ಇದೇಕೆ ಎಂದು ರೋಗಿಯೂ ಮನೆಯವರೂ ಕೇಳುವುದು ಸಹಜ. ಆದರೆ ಕೀಲಿನ ಮೃದ್ವಸ್ಥಿಯನ್ನು ಸರಿಪಡಿಸಿಕೊಂಡವರು ಈ ಪ್ರಶ್ನೆಗೆ ತಾವೇ ಉತ್ತರ ಹೇಳಿಕೊಂಡು ಊರುಗೋಲನ್ನು ಮೂಲೆಗಿಟ್ಟರೆ, ಪಟ್ಟ ಪಾಡೆಲ್ಲವೂ ವ್ಯರ್ಥವಾಗುವ ಭಯವುಂಟು.

ಮೂಕ ಪದರ

ಕೀಲಿನಲ್ಲಿ ಸಂಧಿಸುವ ಎಲುಬುಗಳ ತುದಿಯನ್ನು ಹೊದೆದಿರುವ ನುಣುಪಾದ ಬಿಳಿಯ ಪದರವೇ ಮೃದ್ವಸ್ಥಿ. ಮಂಡಿಯಲ್ಲಿ ಅದರ ದಪ್ಪ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರು. ಎಲುಬು ಎಲುಬನ್ನು ಉಜ್ಜದಂತೆ ಕಾಯುವ ಈ ಪದರದಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ರಕ್ತವಿಲ್ಲದುದರಿಂದ ಗಾಯ ತಾನಾಗಿ ಮಾಯುವುದು ದುಸ್ತರ. ನರವಿಲ್ಲದುದರಿಂದ ಅತಿಭಾರ ಬಿದ್ದರೂ ಅದು ಕೂಗಿಕೊಳ್ಳದು. ಮಂಡಿಯ ನೋವೆಲ್ಲ ಸುತ್ತಲಿನ ಪೊರೆಯಿಂದಲೋ ಅಡಿಯ ಎಲುಬಿನಿಂದಲೋ ಬರುವುದು. ಆದುದರಿಂದ ನೋವು ನಿಂತಿತೆಂದರೆ ಮೃದ್ವಸ್ಥಿ ಬೆಳೆಯಿತೆಂದು ಅರ್ಥವಲ್ಲ. ಒಮ್ಮೆ ಹಾಳಾದ ಮೃದ್ವಸ್ಥಿ ಮರಳಿ ಬಾರದೆಂದು ವಿಲಿಯಂ ಹಂಟರ್ ಎಂಬ ವೈದ್ಯರು 1743ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದಿದ್ದರು.

ಈ ನಿರಾಶೆಯನ್ನು ದೂರಮಾಡಲು ಹೊರಟ ಶಸ್ತ್ರವೈದ್ಯರು ಹಲವು ದಾರಿಗಳನ್ನು ಹಿಡಿದರು. ಅಮೆರಿಕದ ಡಾ. ರಿಚರ್ಡ್ ಸ್ಟೆಡ್ಮನ್ 1980ರ ದಶಕದಲ್ಲಿ ರೂಪಿಸಿದ ಕ್ರಮದಲ್ಲಿ, ಗಾಯದ ಅಡಿಯ ಎಲುಬಿಗೆ ಸಣ್ಣ ರಂಧ್ರಗಳನ್ನು ಕೊರೆಯುತ್ತಾರೆ. ಅಸ್ಥಿಮಜ್ಜೆಯಿಂದ ಒಸರಿದ ರಕ್ತ ಅಲ್ಲಿ ಹೆಪ್ಪುಗಟ್ಟಿ, ಕ್ರಮೇಣ ನಾರಿನಂಥ ಹೊಸ ಪದರವಾಗುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ವೈದ್ಯರು 1987ರಿಂದ ರೋಗಿಯ ಮೃದ್ವಸ್ಥಿಯ ಕಣಗಳನ್ನೇ ತೆಗೆದು, ಪ್ರಯೋಗಶಾಲೆಯಲ್ಲಿ ಬೆಳೆಸಿ, ಮರಳಿ ನೆಟ್ಟರು. 23 ಮಂದಿಯ ಅನುಭವವನ್ನು ಅವರು ಪ್ರಕಟಿಸಿದ್ದು 1994ರಲ್ಲಿ. ದಾರಿ ಯಾವುದಾದರೂ, ಶಸ್ತ್ರವೈದ್ಯನು ಬಿತ್ತುವುದು ಬೀಜವನ್ನು ಮಾತ್ರ. ಬೆಳೆಗೆ ತಿಂಗಳುಗಳು ಬೇಕು.

ಆಡಿಸಬೇಕು, ಹೊರಿಸಬಾರದು

ಹಾಗೆಂದು ಕಾಲನ್ನು ಕದಲಿಸದೆ ಮಲಗುವುದೂ ಸಲ್ಲದು. ರಕ್ತವಿಲ್ಲದ ಮೃದ್ವಸ್ಥಿಗೆ ಕೀಲಿನೊಳಗಿನ ಜಿಗುಟು ದ್ರವವೇ ಆಹಾರ. ಕೀಲು ಆಡಿದಾಗ ಆ ದ್ರವ ಎಲ್ಲೆಡೆ ಹರಡುತ್ತದೆ. ಕೆನಡಾದ ಟೊರಾಂಟೊ ನಗರದ ಡಾ. ರಾಬರ್ಟ್ ಸಾಲ್ಟರ್ ಮೊಲಗಳ ಮಂಡಿಯಲ್ಲಿ ಸಣ್ಣ ಗಾಯಗಳನ್ನು ಮಾಡಿ, ಕೆಲವನ್ನು ಕಟ್ಟಿನಲ್ಲಿಟ್ಟರು, ಕೆಲವನ್ನು ಗೂಡಿನಲ್ಲಿ ಓಡಾಡಬಿಟ್ಟರು, ಇನ್ನು ಕೆಲವುಗಳ ಕಾಲನ್ನು ಯಂತ್ರದಿಂದ ಎಡೆಬಿಡದೆ ಮೆಲ್ಲನೆ ಮಡಿಸಿ ಚಾಚಿಸಿದರು. ಚೆನ್ನಾಗಿ ಮಾಯ್ದದ್ದು ಈ ಕಡೆಯ ಗುಂಪಿನಲ್ಲಿ. 1980ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ಅಂಥ ಯಂತ್ರ ಆಸ್ಪತ್ರೆಗಳಿಗೂ ಬಂದಿತು. ಮನುಷ್ಯರಲ್ಲಿ ಅದರ ಪ್ರಯೋಜನ ಅಷ್ಟು ಸ್ಪಷ್ಟವಾಗಿ ಸಿದ್ಧವಾಗಿಲ್ಲವಾದರೂ, ಭಾರವಿಲ್ಲದ ಚಲನೆ ಬೇಕೆಂಬ ತತ್ತ್ವ ಉಳಿದಿದೆ.

ತೊಡೆಯೆಲುಬಿನ ತುದಿಯಲ್ಲಿ ಚಿಕಿತ್ಸೆಯಾಗಿದ್ದರೆ, ಮೊದಲ 6ರಿಂದ 8 ವಾರಗಳು ಪಾದವನ್ನು ನೆಲಕ್ಕೆ ಮುಟ್ಟಿಸಿದರೆ ಸಾಕು, ಊರಬಾರದು ಎನ್ನುವುದು ಸಾಮಾನ್ಯ ವಿಧಿ. ಮಂಡಿಚಿಪ್ಪಿನ ಹಿಂಬದಿಯಲ್ಲಾದರೆ ವಿಧಿಯೇ ಬೇರೆ: ಪಟ್ಟಿ ಬಿಗಿದು ಕಾಲನ್ನು ನೆಟ್ಟಗಿಟ್ಟುಕೊಂಡು ಬೇಗನೆ ನಡೆಯಬಹುದು, ಆದರೆ ಮಡಿಸಿ ಭಾರ ಹಾಕಬಾರದು. ಆದುದರಿಂದ ನೆರೆಮನೆಯವರಿಗೆ ಹೇಳಿದ ಕ್ರಮವನ್ನು ನೋಡಿ ಅನುಸರಿಸುವುದು ತಪ್ಪು.

ಮಲಗಿದಲ್ಲಿಯೇ ಮಂಡಿಯನ್ನು ಒತ್ತಿ ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿಹಿಡಿಯುವ ಅಭ್ಯಾಸ ಮೊದಲ ದಿನಗಳಿಂದಲೇ ನಡೆಯುತ್ತದೆ. ಬಳಸದ ಸ್ನಾಯು ಬೇಗನೆ ಸೊರಗುವುದು; ಸೊರಗಿದ ಸ್ನಾಯು ಕೀಲಿಗೆ ಆಸರೆ ಕೊಡಲಾರದು. ಮುಂದೆ ನಿಂತ ಸೈಕಲ್ಲು, ಈಜು, ಮೆಟ್ಟಿಲು ಒಂದೊಂದಾಗಿ ಸೇರುತ್ತವೆ. ಓಟ, ನೆಗೆತಗಳಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ, ಕೆಲವರಿಗೆ ಅದಕ್ಕೂ ಹೆಚ್ಚು, ಕಾಯಬೇಕಾಗುತ್ತದೆ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕುಂಟು. ಮಣೆಯ ಮೇಲಿನ ಊಟ, ಚಕ್ಕಳಮಕ್ಕಳ ಹಾಕಿ ಮಾಡುವ ಪೂಜೆ, ಕುಕ್ಕರಗಾಲಿನ ಶೌಚ, ಇವೆಲ್ಲ ಮಂಡಿಯನ್ನು ಪೂರ್ಣವಾಗಿ ಮಡಿಸುವಂಥವು. ವೈದ್ಯರು ಒಪ್ಪುವ ತನಕ ಕುರ್ಚಿ, ಎತ್ತರದ ಪೀಠಗಳ ಏರ್ಪಾಟು ಆಗಬೇಕು. ಪಂಕ್ತಿಯಲ್ಲಿ ಒಬ್ಬರು ಕುರ್ಚಿಯಲ್ಲಿ ಕುಳಿತರೆ ಯಾರಿಗೂ ಕುಂದಲ್ಲ. "ಇನ್ನೂ ಊರುಗೋಲೇ?" ಎಂದು ಕೇಳುವ ನೆಂಟರಿಗೆ ರೋಗಿಯ ಪರವಾಗಿ ಮನೆಯವರೇ ಸಮಾಧಾನ ಹೇಳಿದರೆ, ಅದೂ ಶುಶ್ರೂಷೆಯ ಒಂದು ಭಾಗವೇ.