ಪಾಲೆಯ ಮರದ ಹಾಲು

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಸಾಗುವ ಸೌರಮಾನದ ಕರ್ಕಾಟಕ ಮಾಸಕ್ಕೆ ತುಳುನಾಡಿನಲ್ಲಿ ಆಟಿ ಎಂದು ಹೆಸರು. ನನ್ನ ಬಾಲ್ಯದ ಆಲಂಕಾರಿನಲ್ಲಿ ಅದು ಕಷ್ಟದ ತಿಂಗಳು. ಊರು ಆಗ ಪುತ್ತೂರು ತಾಲೂಕಿಗೆ ಸೇರಿತ್ತು; ಈಗ ಕಡಬ ತಾಲೂಕಿನಲ್ಲಿದೆ. ಕುಮಾರಧಾರೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಮನೆಯ ಪತ್ತಾಯದಲ್ಲಿ ಭತ್ತ ತಳ ಕಂಡಿರುತ್ತಿತ್ತು. ಗದ್ದೆಯ ಕೆಸರಿನಿಂದ ಬಂದವರಿಗೆ ಜ್ವರ, ಮಕ್ಕಳಿಗೆ ಹೊಟ್ಟೆಯ ಹುಳ. ತಜಂಕಿನ ಸೊಪ್ಪು, ಕಣಿಲೆ, ಕೆಸುವಿನ ಎಲೆಯ ಪತ್ರೊಡೆ, ಇವುಗಳಲ್ಲಿ ದಿನ ಕಳೆಯುತ್ತಿತ್ತು. ಆ ತಿಂಗಳ ಅಮಾವಾಸ್ಯೆಯ ಮುಂಜಾನೆ ಹಿರಿಯರು ಕಿರಿಯರೆನ್ನದೆ ಎಲ್ಲರೂ ಬರಿಹೊಟ್ಟೆಯಲ್ಲಿ ಕುಡಿಯಬೇಕಾಗಿದ್ದ ಕಷಾಯದ ಕಹಿ, ಅರುವತ್ತು ದಾಟಿದ ನನ್ನ ನಾಲಗೆಯಲ್ಲಿ ಈಗಲೂ ಉಳಿದಿದೆ.

ಅದು ಪಾಲೆಯ ಕೆತ್ತೆ, ಎಂದರೆ ತೊಗಟೆ, ಕುಟ್ಟಿ ಹಿಂಡಿದ ರಸ. ನಮ್ಮ ಮನೆಯ ಕ್ರಮ ಹೀಗಿತ್ತು. ಹಿಂದಿನ ದಿನ ಹಗಲಿನಲ್ಲೇ ತಂದೆಯವರು ಗುಡ್ಡಕ್ಕೆ ಹೋಗಿ, ಮರವನ್ನು ಬುಡದಿಂದ ತುದಿಯವರೆಗೆ ನೋಡಿ, ಬುಡದಲ್ಲೊಂದು ಬಿಳಿಯ ಬೆಣಚುಕಲ್ಲನ್ನಿರಿಸಿ ಬರುತ್ತಿದ್ದರು. ಮರುದಿನ ಕಾಗೆ ಕೂಗುವ ಮುನ್ನ ಹೋಗಿ ಅದೇ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುವುದು. ಕತ್ತಿ ತಾಗಬಾರದು, ತಾಗಿದರೆ ಮದ್ದಿನ ಗುಣ ಹೋಗುತ್ತದೆಂಬ ನಂಬಿಕೆ. ಬತ್ತಲೆಯಾಗಿ ಹೋಗಬೇಕೆಂಬ ಕಟ್ಟಳೆಯೂ ಉಂಟು. ಅದನ್ನು ನಮ್ಮ ತಂದೆಯವರು ಪಾಲಿಸುತ್ತಿದ್ದರೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ತಂದ ತೊಗಟೆಯನ್ನು ಓಮ, ಕರಿಮೆಣಸು, ಬೆಳ್ಳುಳ್ಳಿಗಳೊಂದಿಗೆ ಅರೆದು, ಹಿಂಡಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ರಸದಲ್ಲಿ ಅದ್ದುತ್ತಿದ್ದರು. ಚೊಯ್ ಎಂಬ ಆ ಸದ್ದಿಗೆ ಹಾಸಿಗೆಯಲ್ಲಿದ್ದ ಮಕ್ಕಳಿಗೆಲ್ಲ ಎಚ್ಚರವಾಗುತ್ತಿತ್ತು. ಕುಡಿದದ್ದಕ್ಕೆ ಒಂದು ಚೂರು ಬೆಲ್ಲ. ಪಾಲೆ ಉಷ್ಣವೆಂದು, ಅದನ್ನು ತಣಿಸಲು ಆಮೇಲೆ ತೆಂಗಿನ ಹಾಲಿನ ಮೆಂತೆ ಗಂಜಿ.

ಪಾಲೆಯೇ ಕನ್ನಡದ ಹಾಲೆ, ಮದ್ದಾಲೆ. ಸಂಸ್ಕೃತದ ಸಪ್ತಪರ್ಣ, ಸಪ್ತಚ್ಛದ. ಒಂದೇ ಗಿಣ್ಣಿನ ಸುತ್ತ ಸಾಮಾನ್ಯವಾಗಿ ನಾಲ್ಕರಿಂದ ಏಳು ಎಲೆಗಳು ಕೊಡೆಯ ಕಡ್ಡಿಗಳಂತೆ ಹರಡಿರುವುದರಿಂದ ಆ ಹೆಸರು. ಶರತ್ಕಾಲದ ರಾತ್ರಿಗಳಲ್ಲಿ ಇದರ ಹೂವಿನ ಕಂಪು ತಲೆಸುತ್ತುವಷ್ಟು ಗಾಢ. ರಘುವಂಶದ ನಾಲ್ಕನೆಯ ಸರ್ಗದಲ್ಲಿ ಮದಜಲದ ವಾಸನೆಯ ಈ ಹೂಗಳಿಂದ ಕೆರಳಿದ ರಘುವಿನ ಆನೆಗಳು, ಅಸೂಯೆಗೊಂಡವೋ ಎಂಬಂತೆ, ತಾವೂ ಏಳು ಕಡೆಯಿಂದ ಮದ ಸುರಿಸಿದವೆಂದು ಕಾಳಿದಾಸ ವರ್ಣಿಸುತ್ತಾನೆ. 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ 'ಹೋರ್ಟಸ್ ಮಲಬಾರಿಕಸ್'ನ ಮೊದಲ ಸಂಪುಟದಲ್ಲಿ ಇದು 'ಪಾಲ' ಎಂಬ ನಾಡಹೆಸರಿನಿಂದಲೇ ಕಾಣಿಸಿಕೊಂಡಿತು. ಹಗುರವಾದ ಇದರ ಹಲಗೆ ಮಕ್ಕಳ ಬರೆಯುವ ಪಾಟಿಗೆ ಒದಗುತ್ತಿತ್ತಾದ್ದರಿಂದ ಲಿನ್ನೇಯಸ್ 1767ರಲ್ಲಿ ಇದಕ್ಕೆ 'ಸ್ಕಾಲರಿಸ್' ಎಂಬ ವಿಶೇಷಣವನ್ನು ಕೊಟ್ಟನು; ಅನಂತರ ರಾಬರ್ಟ್ ಬ್ರೌನ್ ಎಡಿನ್‌ಬರೋದ ಸಸ್ಯಶಾಸ್ತ್ರಜ್ಞ ಚಾರ್ಲ್ಸ್ ಆಲ್‌ಸ್ಟನ್ನನ ನೆನಪಿಗೆ 'ಆಲ್‌ಸ್ಟೋನಿಯ' ಎಂಬ ಕುಲನಾಮವನ್ನು ಸೇರಿಸಿದನು. ಶಾಂತಿನಿಕೇತನದ ಘಟಿಕೋತ್ಸವದಲ್ಲಿ ಪದವೀಧರರ ಕೈಗೆ ಕೊಡುತ್ತಿದ್ದುದೂ ಈ ಮರದ ಎಲೆಗೊಂಚಲನ್ನೇ. ಹೀಗೆ ಇದು ವಿದ್ವಾಂಸರ ಮರ. ಈ ಮಾತನ್ನು ತಾವು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಆಯುರ್ವೇದವು ಸಪ್ತಪರ್ಣದ ತೊಗಟೆಯನ್ನು ತಿಕ್ತ ಕಷಾಯ ರಸಗಳುಳ್ಳದ್ದೆಂದು ಹೇಳಿ, ವಿಷಮಜ್ವರ, ಕ್ರಿಮಿ, ಚರ್ಮರೋಗಗಳಲ್ಲಿ ಬಳಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲಿಪೈನ್ಸಿನಿಂದ 'ದಿತಾ' ಎಂಬ ಹೆಸರಿನಲ್ಲಿ ಇದೇ ತೊಗಟೆ ಯುರೋಪಿಗೆ ಹೋಗಿ, ಕ್ವಿನೈನಿಗೆ ಬದಲಾದೀತೆಂಬ ಆಸೆಯನ್ನು ಹುಟ್ಟಿಸಿತ್ತು. ಆ ಆಸೆ ಕೈಗೂಡಲಿಲ್ಲ. ಮಲೇರಿಯದ ಪರೋಪಜೀವಿಯನ್ನು ಕೊಲ್ಲುವುದರಲ್ಲಿ ಇದು ಕ್ವಿನೈನಿಗೆ ಸಮನಲ್ಲವೆಂದು ಮುಂದಿನ ಪರೀಕ್ಷೆಗಳು ತೋರಿಸಿದವು. ಆದರೂ ಎಕಿಟಮೀನ್ ಮೊದಲಾದ ಹಲವು ಕ್ಷಾರಾಭಗಳು ಇದರಲ್ಲಿರುವುದು ನಿಜ. ಕೇಂದ್ರ ಆಯುರ್ವೇದ ಸಂಶೋಧನಾ ಮಂಡಳಿಯು ಮಲೇರಿಯಕ್ಕೆಂದು 1980ರಲ್ಲಿ ರೂಪಿಸಿ, 2021ರ ಕೋವಿಡ್ ಕಾಲದಲ್ಲಿ ಮತ್ತೆ ಮುನ್ನೆಲೆಗೆ ತಂದ 'ಆಯುಷ್-64' ಗುಳಿಗೆಯಲ್ಲಿ ಕಟುಕರೋಹಿಣಿ, ಕಿರಾತಕಡ್ಡಿ, ಗಜ್ಜುಗಗಳ ಜತೆಗಿರುವುದು ಸಪ್ತಪರ್ಣವೇ. ಅಮಾವಾಸ್ಯೆಯಂದು ಈ ಮರದಲ್ಲಿ ಸಾವಿರದ ಒಂದು ಔಷಧಗಳು ನೆಲೆಸುತ್ತವೆ ಎಂಬ ಲೆಕ್ಕವನ್ನು ಮಾತ್ರ ನಾನು ಕಾವ್ಯವೆಂದೇ ಓದಿಕೊಂಡಿದ್ದೇನೆ. ವರ್ಷಕ್ಕೊಂದು ಬಾರಿ ಒಂದೆರಡು ಗುಟುಕು ಕುಡಿದ ಕಷಾಯ ವರ್ಷವಿಡೀ ಕಾಯುತ್ತದೆನ್ನಲು ನನಗೆ ಬಾಯಿ ಬಾರದು. ಗರ್ಭಿಣಿಯರೂ ಎಳೆಯ ಮಕ್ಕಳೂ ಇದರ ಗೊಡವೆಗೆ ಹೋಗದಿರುವುದು ಲೇಸು.

ಇನ್ನು ನನ್ನ ಪಾಂಡಿತ್ಯದ ಕಥೆ. ನಿವೃತ್ತನಾದ ಮರುವರ್ಷ, ಆಟಿಯ ಅಮಾವಾಸ್ಯೆಗೆ ಊರಿಗೆ ಹೋದೆ. ಹಿಂದಿನ ದಿನ ಮರ ನೋಡಿಬರಲು ಮಳೆ ಬಿಡಲಿಲ್ಲ; ಬಿಟ್ಟಿದ್ದರೂ ನಾನು ಹೋಗುತ್ತಿರಲಿಲ್ಲವೆನ್ನಿ. ಮುಂಜಾನೆ ಟಾರ್ಚು ಹಿಡಿದು, ತಂದೆಯವರು ಹೋಗುತ್ತಿದ್ದ ದಿಕ್ಕಿನಲ್ಲೇ ಹೋಗಿ, ಬೂದುಬಣ್ಣದ ತೊಗಟೆಯ ಮರವೊಂದಕ್ಕೆ ಕಲ್ಲು ಹಾಕಿದೆ. ಜತೆಗೆ ಬಂದಿದ್ದವರು ನಮ್ಮ ತೋಟದಲ್ಲಿ ದುಡಿದ ಒಬ್ಬ ವೃದ್ಧೆ. "ಪೇರ್ ಬತ್ತ್‌ಂಡಾ?" ಎಂದು ಕೇಳಿದರು. ಹಾಲು ಬಂತೇ? ಬಂದಿರಲಿಲ್ಲ. ಆಕೆ ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದು, "ಇದು ಕಾಯೆರ್" ಎಂದು ತುಳುವಿನಲ್ಲಿ ಹೇಳಿ, ನನ್ನ ಕೈಯಿಂದ ಕಲ್ಲನ್ನು ತೆಗೆದುಕೊಂಡರು.

ಕಾಯೆರ್ ಎಂದರೆ ಕಾಸರಕ, ಸಂಸ್ಕೃತದ ವಿಷಮುಷ್ಟಿ. ಬೀಜದಲ್ಲಿಯೂ ತೊಗಟೆಯಲ್ಲಿಯೂ ಸ್ಟ್ರಿಕ್ನೀನ್, ಬ್ರೂಸೀನ್ ಎಂಬ ಉಗ್ರ ವಿಷಗಳು. ಅದೂ ಕಹಿ, ಇದೂ ಕಹಿ, ನಾಲಗೆ ಎಚ್ಚರಿಸಲಾರದು. ಸ್ನಾಯುಗಳು ಸೆಡೆತು, ಪ್ರಜ್ಞೆ ಇರುವಾಗಲೇ ಉಸಿರು ಕಟ್ಟುತ್ತದೆ. ಹಾಲೆಯೆಂದು ಬೇರೆ ಮರದ ತೊಗಟೆ ತಂದು ಕುಡಿದು ಆಸ್ಪತ್ರೆ ಸೇರಿದವರ ಸುದ್ದಿ ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಬಂದದ್ದುಂಟು. ಅಂದು ನಮ್ಮ ಮನೆಯಲ್ಲಿ ಕಷಾಯಕ್ಕೆ ಕಾದಿದ್ದವರು ಒಂಬತ್ತು ಮಂದಿ.

ಮೂವತ್ತು ವರ್ಷ ತರಗತಿಯಲ್ಲಿ ಪಕಾರ ಹಕಾರವಾಗುವುದನ್ನು ಕಲಿಸಿದವನು ನಾನು. ಹಳಗನ್ನಡದ 'ಪಾಲ್' ಹಾಲಾದಂತೆ ಪಾಲೆ ಹಾಲೆಯಾಯಿತೆಂದು ಕರಿಹಲಗೆಯ ಮೇಲೆ ಬರೆದಿದ್ದೇನೆ. ಹಾಲಿಗೆ ಪೇರ್ ಎನ್ನುವ ತುಳುವರು ಮರವನ್ನು ಪಾಲೆಯೆಂದೇ ಕರೆಯುತ್ತಾರೆ. ಹೆಸರಿನಲ್ಲೇ ಇರುವ ಹಾಲನ್ನು ಮರದಲ್ಲಿ ಹುಡುಕಬೇಕೆಂದು ನನಗೆ ಹೊಳೆಯಲಿಲ್ಲ. ಆ ಸೂತ್ರವನ್ನು ಕೇಳಿಯೂ ಇರದ ಆಕೆಗೆ ಹೊಳೆಯಿತು.

ಹಿಂದಿನ ದಿನದ ಹಗಲಿನ ಭೇಟಿ, ಬುಡದ ಬಿಳಿಗಲ್ಲು, ಇವನ್ನು ನಾನು ಬರಿಯ ಆಚಾರವೆಂದೆಣಿಸಿದ್ದೆ. ಕತ್ತಲಲ್ಲಿ ತಪ್ಪು ಮರಕ್ಕೆ ಕೈಹಾಕದಂತೆ ಮಾಡಿದ ಗುರುತು ಅದು. ಕಲ್ಲೇಟು ಬಿದ್ದೊಡನೆ ಹಾಲೆ ಬಿಳಿಯ ಹಾಲನ್ನು ಒಸರುತ್ತದೆ, ಕಾಸರಕ ಒಸರದು. ಹಾಲೊಂದನ್ನೇ ನಂಬಲೂ ಬಾರದು, ಹಾಲು ಸುರಿಸುವ ವಿಷವೃಕ್ಷಗಳೂ ಇವೆ. ಎಲೆ ನೋಡಬೇಕು: ಹಾಲೆಯದು ಸುತ್ತಾಗಿ ನಿಂತ ಉದ್ದನೆಯ ಎಲೆ; ಕಾಸರಕದ್ದು ಎದುರುಬದುರಾದ ಜೋಡಿಯೆಲೆ, ಅಗಲ, ಹೊಳಪು, ಬುಡದಿಂದಲೇ ಹೊರಡುವ ಮೂರೋ ಐದೋ ನರಗಳು. ಈಗ ಮಂಗಳೂರು, ಬೆಂಗಳೂರುಗಳಲ್ಲಿ ಸಂಘಸಂಸ್ಥೆಗಳು ಕಷಾಯ ಹಂಚುತ್ತವೆ, ಸಂತೋಷ. ಆದರೆ ಪೇಟೆಯಲ್ಲಿ ಕಟ್ಟಿ ಮಾರುವ ತೊಗಟೆಗೆ ಎಲೆಯೂ ಇಲ್ಲ, ಹಾಲೂ ಒಣಗಿರುತ್ತದೆ. ಅದನ್ನು ನಾನು ಕೊಳ್ಳುವುದಿಲ್ಲ.

ಈಗ ಪ್ರತಿವರ್ಷ ಹಿಂದಿನ ಮಧ್ಯಾಹ್ನ ಕೊಡೆ ಹಿಡಿದು, ಮೊಮ್ಮಗನನ್ನು ಕರೆದುಕೊಂಡು ಗುಡ್ಡಕ್ಕೆ ಹೋಗುತ್ತೇನೆ. ಬಾಗಿದ ಕೊಂಬೆಯ ಎಲೆಗಳನ್ನು ಎಣಿಸುವುದು ಅವನ ಕೆಲಸ. ಕಳೆದ ಬಾರಿ ಐದೇ ಸಿಕ್ಕಿದವು. ಸಪ್ತಪರ್ಣವಲ್ಲವೇ, ಉಳಿದೆರಡು ಎಲ್ಲಿ ಎಂದು ಕೇಳಿದ. ಮೇಲಿನ ಕೊಂಬೆ ನೋಡೆಂದೆ. ಅಲ್ಲಿ ಏಳು ಇದ್ದವು. ಬುಡದಲ್ಲಿ ಬೆಣಚುಕಲ್ಲಿಟ್ಟು ಬಂದೆವು.